ಪ್ರಯಾಣಕ್ಕೆ ತಕ್ಕ ಊಟ

ಫ್ರಾನ್ಸಿನ ಅತ್ಯುತ್ತಮ ರೆಸ್ಟೋರೆಂಟುಗಳ ಮಾತು ಬಂದಾಗ ಬಹಳ ಜನ ಮರೆತುಬಿಡುವ ಸಂಗತಿಯೊಂದಿದೆ. ಆ ಪಟ್ಟಿಯನ್ನು ತಯಾರಿಸುವವರು ಅಡುಗೆಯವರಲ್ಲ, ಟೈರು ಮಾರುವವರು. ಕ್ಲೆರ್ಮಾಂ-ಫೆರಾಂ ಊರಿನ ಆಂದ್ರೆ ಮತ್ತು ಎಡುವಾರ್ ಮಿಶೆಲಿನ್ ಎಂಬ ಅಣ್ಣತಮ್ಮಂದಿರು 1900ರಲ್ಲಿ ತಮ್ಮ ಕೈಪಿಡಿಯನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದಾಗ ಇಡೀ ಫ್ರಾನ್ಸಿನಲ್ಲಿ ಮೂರು ಸಾವಿರ ಕಾರುಗಳೂ ಇರಲಿಲ್ಲ. ಆದರೂ ಅವರು ಸುಮಾರು 35,000 ಪ್ರತಿಗಳನ್ನು ಮುದ್ರಿಸಿ ಪುಕ್ಕಟೆ ಹಂಚಿದರು. ಪಂಕ್ಚರ್ ಆದ ಟೈರನ್ನು ಬದಲಿಸುವುದು ಹೇಗೆ, ಪೆಟ್ರೋಲು ಎಲ್ಲಿ ಸಿಗುತ್ತದೆ, ಯಾವ ಊರಿನಲ್ಲಿ ಮೆಕ್ಯಾನಿಕ್ ಇದ್ದಾನೆ, ಕತ್ತಲಾದರೆ ಎಲ್ಲಿ ತಂಗಬಹುದು ಎಂಬಂಥ ವಿವರಗಳೇ ಅದರಲ್ಲಿ ತುಂಬಿದ್ದವು. ಜನ ದೂರ ಹೋದಷ್ಟೂ ಟೈರು ಸವೆಯುತ್ತದೆ, ಸವೆದಷ್ಟೂ ಹೊಸದು ಮಾರಾಟವಾಗುತ್ತದೆ ಎಂಬ ಲೆಕ್ಕಾಚಾರದಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. 1920ರಿಂದ ಕೈಪಿಡಿಗೆ ಬೆಲೆ ಬಂತು. 1926ರಲ್ಲಿ ಒಳ್ಳೆಯ ಊಟ ಹಾಕುವ ಮನೆಗಳ ಮುಂದೆ ಒಂದು ನಕ್ಷತ್ರ ಮೂಡಿತು, 1931ರ ಹೊತ್ತಿಗೆ ಎರಡು ಮತ್ತು ಮೂರು ನಕ್ಷತ್ರಗಳ ಶ್ರೇಣಿಯೂ ಬಂತು, 1936ರಲ್ಲಿ ಅವುಗಳ ಅರ್ಥವನ್ನು ಅಚ್ಚಿನಲ್ಲಿ ಸ್ಪಷ್ಟಪಡಿಸಲಾಯಿತು. ಒಂದು ನಕ್ಷತ್ರವಿದ್ದರೆ ತನ್ನ ವರ್ಗದಲ್ಲಿ ಬಹಳ ಒಳ್ಳೆಯ ಊಟದ ಮನೆ. ಎರಡಿದ್ದರೆ ದಾರಿ ಬಿಟ್ಟು ಸುತ್ತಿಕೊಂಡು ಹೋಗುವುದಕ್ಕೆ ತಕ್ಕದ್ದು. ಮೂರಿದ್ದರೆ ಅದಕ್ಕಾಗಿಯೇ ಪ್ರಯಾಣ ಹೊರಡುವುದಕ್ಕೆ ತಕ್ಕದ್ದು.

ಈ ಮೂರು ವಾಕ್ಯಗಳಲ್ಲಿ ರುಚಿಯ ವರ್ಣನೆಗಿಂತ ದಾರಿಯ ಅಳತೆಯೇ ಹೆಚ್ಚಾಗಿ ಕಾಣುತ್ತದೆ. ಕೆಲವು ವರ್ಷಗಳಿಂದ ಯುರೋಪಿಗೆ ಹೋಗಿಬರುವ ಅವಕಾಶ ಸಿಕ್ಕಾಗಲೆಲ್ಲ, ಉಳಿದ ಖರ್ಚುಗಳನ್ನು ಬಿಗಿಹಿಡಿದು, ಇಂಥ ಊಟಕ್ಕೆಂದು ಒಂದಿಷ್ಟು ಹಣ ಎತ್ತಿಡುತ್ತ ಬಂದಿರುವ ನಾನು ಈಗ ಆ ಮಾತುಗಳನ್ನು ಅಕ್ಷರಶಃ ತೆಗೆದುಕೊಳ್ಳುತ್ತೇನೆ. ಪ್ಯಾರಿಸ್ಸಿನ ಅರಮನೆಯಂಥ ಹೋಟೆಲುಗಳಲ್ಲಿರುವ ಮೂರು ನಕ್ಷತ್ರದ ಭೋಜನಶಾಲೆಗಳು ಎಷ್ಟೇ ದೊಡ್ಡವಾಗಿರಲಿ, ಅವು ಆಗಲೇ ಪ್ಯಾರಿಸ್ಸಿನಲ್ಲಿ ಇರುವವರಿಗಾಗಿ ಇರುವಂಥವು. ಅವನ್ನು ಹಾಗೆಯೇ ಎತ್ತಿ ದುಬೈಯಲ್ಲೋ ಟೋಕಿಯೊದಲ್ಲೋ ಇಟ್ಟರೂ ಊಟದಲ್ಲಿ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ, ಮತ್ತು ಹಾಗೆ ಎತ್ತಿ ಇಟ್ಟವರೂ ಇದ್ದಾರೆ. ತನ್ನ ನೆಲದಿಂದ ಕೀಳಲಾಗದ ಅಡುಗೆಮನೆಯನ್ನು ಹುಡುಕಿಕೊಂಡು ಹೋದಾಗ ಮಾತ್ರ ಕೊಟ್ಟ ಹಣಕ್ಕೂ ಸವೆಸಿದ ದಾರಿಗೂ ನ್ಯಾಯ ಸಿಕ್ಕಿತೆಂದು ನನಗೆ ಅನ್ನಿಸಿದೆ. ಸಸ್ಯಾಹಾರಿಯಾದ ನನಗೆ ಇದು ಇನ್ನೂ ಹೆಚ್ಚು ನಿಜ, ಏಕೆಂದರೆ ಮಾಂಸವನ್ನೂ ಮೀನನ್ನೂ ಎಲ್ಲಿಂದಲಾದರೂ ತರಿಸಿಕೊಳ್ಳಬಹುದು, ಆದರೆ ತರಕಾರಿ ಕಿತ್ತ ಗಳಿಗೆಯಿಂದಲೇ ಬಾಡತೊಡಗುತ್ತದೆ.

ಚರಿತ್ರೆಯೂ ನನ್ನ ಪಕ್ಷದಲ್ಲಿದೆ. ಈಗಿನ ವೇಗದ ಹೆದ್ದಾರಿಗಳು ಬರುವ ಮುಂಚೆ ಪ್ಯಾರಿಸ್ಸಿನ ಸಿರಿವಂತರು ದಕ್ಷಿಣದ ಕಡಲತೀರಕ್ಕೆ ಕಾರಿನಲ್ಲಿ ಹೊರಟರೆ ಒಂದೇ ದಿನದಲ್ಲಿ ತಲುಪುವಂತಿರಲಿಲ್ಲ. ನಡುದಾರಿಯಲ್ಲಿ ಎಲ್ಲಾದರೂ ಉಂಡು ಮಲಗಬೇಕಿತ್ತು. ಎರಡು ಮಹಾಯುದ್ಧಗಳ ನಡುವಿನ ಫ್ರಾನ್ಸಿನ ಅತಿದೊಡ್ಡ ಅಡುಗೆಯವರೆಲ್ಲ ಈ ದಾರಿಯ ಪಕ್ಕದಲ್ಲೇ ಸಾಲಾಗಿ ನೆಲೆಯೂರಿದ್ದು ಕಾಕತಾಳೀಯವಲ್ಲ. ಆರನೆಯ ರಾಷ್ಟ್ರೀಯ ಹೆದ್ದಾರಿಯ ಸೋಲಿಯುವಿನಲ್ಲಿ ಅಲೆಕ್ಸಾಂದ್ರ್ ದ್ಯುಮೆನ್, ಏಳನೆಯದರ ಮೇಲಿನ ವಿಯೆನ್ ಪಟ್ಟಣದಲ್ಲಿ ಫರ್ನಾಂಡ್ ಪ್ವಾನ್, ಅದಕ್ಕಿಂತ ಕೆಳಗೆ ವಲಾನ್ಸಿನಲ್ಲಿ ಆಂದ್ರೆ ಪಿಕ್. ವಲಾನ್ಸಿನ ಮನೆ ಇಂದಿಗೂ ಆ ಕುಟುಂಬದ ಕೈಯಲ್ಲೇ ಇದೆ. ಅಜ್ಜ 1934ರಲ್ಲಿ ಪಡೆದ ಮೂರು ನಕ್ಷತ್ರಗಳನ್ನು ಮನೆತನ ಒಮ್ಮೆ ಕಳೆದುಕೊಂಡು, 1973ರಲ್ಲಿ ಮಗ ಮರಳಿ ಗಳಿಸಿ, ಮತ್ತೆ ಕಳೆದುಕೊಂಡು, 2007ರಲ್ಲಿ ಮೊಮ್ಮಗಳು ಆನ್-ಸೋಫಿ ಪಿಕ್ ಮೂರನೆಯ ಬಾರಿಗೆ ಮನೆಗೆ ತಂದರು. ರೋವಾನ್ ಊರಿನಲ್ಲಿ ರೈಲು ನಿಲ್ದಾಣದ ಎದುರಿಗೇ ಇದ್ದ ತ್ರ್ವಾಗ್ರೊ ಕುಟುಂಬದ ರೆಸ್ಟೋರೆಂಟು 1968ರಿಂದ ಮೂರು ನಕ್ಷತ್ರಗಳನ್ನು ಕಳೆದುಕೊಂಡಿಲ್ಲ. 2017ರಲ್ಲಿ ಅದು ನಿಲ್ದಾಣವನ್ನು ಬಿಟ್ಟು ಹತ್ತಿರದ ಊಶ್ ಎಂಬ ಹಳ್ಳಿಯ ತೋಟಕ್ಕೆ ಹೋಯಿತು.

ಇವರೆಲ್ಲರಿಗಿಂತ ನನಗೆ ಹೆಚ್ಚು ಇಷ್ಟವಾಗುವ ಚರಿತ್ರೆ ಎಜೆನಿ ಬ್ರಾಜಿಯೆ ಎಂಬ ಹೆಂಗಸಿನದು. 1895ರಲ್ಲಿ ರೈತ ಕುಟುಂಬದಲ್ಲಿ ಹುಟ್ಟಿ, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು, ಕಂಡವರ ಜಮೀನಿನಲ್ಲಿ ದುಡಿದು, ಮದುವೆಯಿಲ್ಲದೆ ತಾಯಿಯಾದಳೆಂಬ ಕಾರಣಕ್ಕೆ ಊರು ಬಿಟ್ಟು ಲಿಯಾನ್ ನಗರದ ಮನೆಗಳಲ್ಲಿ ಕೆಲಸಕ್ಕೆ ನಿಂತವಳು. 1921ರಲ್ಲಿ ನಗರದ ರೂ ರೊಯಾಲಿನಲ್ಲಿ ಪುಟ್ಟ ಊಟದ ಮನೆ ತೆರೆದಳು, ಕೆಲವು ವರ್ಷಗಳ ಬಳಿಕ ಲಿಯಾನಿನ ಪಶ್ಚಿಮದ ಬೆಟ್ಟವೊಂದರ ಮೇಲೆ ಇನ್ನೊಂದನ್ನು. 1933ರಲ್ಲಿ ಎರಡಕ್ಕೂ ಮೂರು ಮೂರು ನಕ್ಷತ್ರಗಳು ಬಂದವು. ಗಂಡಸರ ಹೆಸರುಗಳಿಂದಲೇ ತುಂಬಿರುವ ಈ ಲೋಕದಲ್ಲಿ ಆರು ನಕ್ಷತ್ರಗಳನ್ನು ಏಕಕಾಲಕ್ಕೆ ಹೊತ್ತ ಮೊದಲ ವ್ಯಕ್ತಿ ಆಕೆಯೇ. ಮುಂದೆ ಫ್ರೆಂಚ್ ಅಡುಗೆಗೆ ಲೋಕಪ್ರಸಿದ್ಧಿ ತಂದ ಪಾಲ್ ಬೊಕ್ಯೂಸ್ ಬೆಟ್ಟದ ಮೇಲಿನ ಆ ಅಡುಗೆಮನೆಯಲ್ಲಿ ಹಸು ಕರೆದು, ಬಟ್ಟೆ ಇಸ್ತ್ರಿ ಮಾಡಿ, ಆಮೇಲೆ ಒಲೆಯ ಹತ್ತಿರ ಹೋದವನು.

ಇನ್ನು ಊಟದ ವಿಷಯ. ಇಂಥ ಊಟಕ್ಕೆ ಮೊದಲ ಬಾರಿ ಕೂರುವ ಕನ್ನಡಿಗನಿಗೆ ವಿಚಿತ್ರವೆನಿಸುವುದು ತಟ್ಟೆಯ ಗಾತ್ರವೂ ಅಲ್ಲ, ಅದರ ನಡುವೆ ಇರುವ ಅಲ್ಪ ಪ್ರಮಾಣದ ಪದಾರ್ಥವೂ ಅಲ್ಲ. ಮುಂದೇನು ಬರುತ್ತದೆಂದು ಗೊತ್ತಿಲ್ಲದೆ ಕಾಯುವ ಆ ಸ್ಥಿತಿ. ನಮ್ಮ ಬಾಳೆಯೆಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಚಟ್ನಿ, ಕೋಸಂಬರಿ, ಪಲ್ಯಗಳಿಗೆ ಅವುಗಳದೇ ಜಾಗಗಳಿವೆ, ತೊವ್ವೆ, ಸಾರು, ಹುಳಿ, ಮಜ್ಜಿಗೆಗಳಿಗೆ ಅವುಗಳದೇ ಸರದಿಯಿದೆ. ಎಲೆಯ ಮುಂದೆ ಕುಳಿತ ಹತ್ತು ನಿಮಿಷದಲ್ಲಿ ಇಡೀ ಊಟದ ನಕ್ಷೆ ಕಣ್ಣಿಗೆ ಬಿದ್ದು, ಯಾವುದರ ಜೊತೆ ಯಾವುದನ್ನು ಕಲಸಬೇಕೆಂಬುದು ಉಣ್ಣುವವನ ಬೆರಳಿಗೆ ಬಿಟ್ಟ ವಿಷಯವಾಗುತ್ತದೆ. ಫ್ರೆಂಚ್ ಮೇಜಿನಲ್ಲಿ ಕಲಸುವ ಕೆಲಸವನ್ನೂ ಅಡುಗೆಯವನೇ ಮುಗಿಸಿ ಕಳಿಸಿರುತ್ತಾನೆ. ಒಂದು ತುತ್ತಿನಲ್ಲಿ ಯಾವ ಹುಳಿಗೆ ಯಾವ ಬೆಣ್ಣೆ ಸೇರಬೇಕೆಂಬುದು ಆಗಲೇ ತೀರ್ಮಾನವಾಗಿರುತ್ತದೆ. ನಾವು ಮಾಡಬೇಕಾದದ್ದು ಗಮನವಿಟ್ಟು ತಿನ್ನುವುದಷ್ಟೇ.

ಸೋಜಿಗವೆಂದರೆ ಒಂದಾದ ಮೇಲೊಂದು ಬರುವ ಈ ಪದ್ಧತಿ ಮೂಲತಃ ಫ್ರಾನ್ಸಿನದಲ್ಲ. ಹದಿನೆಂಟನೆಯ ಶತಮಾನದ ಫ್ರೆಂಚ್ ಸಿರಿವಂತರ ಮೇಜಿನ ಮೇಲೆ ಹತ್ತಾರು ಬಗೆಗಳನ್ನು ಒಟ್ಟಿಗೆ ಸಮಾನಾಂತರವಾಗಿ ಜೋಡಿಸಿಡುತ್ತಿದ್ದರು. ಕೈಗೆ ಎಟುಕಿದ್ದನ್ನು ಬಡಿಸಿಕೊಳ್ಳುವುದು, ಎಟುಕದ್ದನ್ನು ಮರೆಯುವುದು. ಒಂದೊಂದೇ ಬಗೆಯನ್ನು ಬಿಸಿಯಾಗಿ ತಂದು ಎಲ್ಲರಿಗೂ ಬಡಿಸುವ ಕ್ರಮವನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ರಷ್ಯದ ರಾಯಭಾರಿ ಕುರಾಕಿನ್ ಪ್ಯಾರಿಸ್ಸಿಗೆ ತಂದನೆಂದು ಹೇಳುತ್ತಾರೆ, ಮತ್ತು ಅದಕ್ಕೆ ಇಂದಿಗೂ ರಷ್ಯನ್ ಬಡಿಸುವಿಕೆ ಎಂದೇ ಹೆಸರು. ತಟ್ಟೆಯನ್ನು ಅಡುಗೆಮನೆಯಲ್ಲೇ ಸಿಂಗರಿಸಿ ಕಳಿಸುವ ರೂಢಿಯಂತೂ ಇನ್ನೂ ಈಚಿನದು. ತ್ರ್ವಾಗ್ರೊ ಸಹೋದರರ ತಲೆಮಾರು ಅದನ್ನು ಬೆಳೆಸಿತು. ಅದಕ್ಕೂ ಮುಂಚೆ ಕೊಯ್ಯುವುದು, ಸಾಸು ಸುರಿಯುವುದು ಎಲ್ಲವೂ ಊಟದ ಕೋಣೆಯಲ್ಲಿ ಬಡಿಸುವವರ ಕೈಯಲ್ಲಿತ್ತು. ಹೀಗಾಗಿ ಪುರಾತನ ಪರಂಪರೆಯೆಂದು ನಾವು ಬೆರಗಾಗಿ ನೋಡುವ ಎಷ್ಟೋ ಸಂಗತಿಗಳು ನಮ್ಮ ಅಜ್ಜಂದಿರ ಕಾಲದವು.

ಬಡಿಸುವವರ ಬಗ್ಗೆ ಇನ್ನಷ್ಟು ಹೇಳಲೇಬೇಕು, ಏಕೆಂದರೆ ನಾವು ಕೊಡುವ ಹಣದ ದೊಡ್ಡ ಪಾಲು ಅವರ ಸಂಬಳಕ್ಕೆ ಹೋಗುತ್ತದೆ. ನಾನು ಕಂಡ ಒಳ್ಳೆಯ ಮನೆಗಳಲ್ಲಿ ಅವರ ಚಲನೆ ಕಾಣಿಸುವುದೇ ಇಲ್ಲ. ಮೇಜುಬಟ್ಟೆಯನ್ನು ಹಾಸಿದ ಮೇಲೆ ಮೇಜಿನ ಮೇಲೆಯೇ ಇಸ್ತ್ರಿ ಮಾಡಿರುತ್ತಾರೆ. ಹೆಂಗಸರ ಕೈಚೀಲಕ್ಕೆ ಪುಟ್ಟದೊಂದು ಸ್ಟೂಲು ಬರುತ್ತದೆ. ಮೇಜಿನ ಎಲ್ಲರ ತಟ್ಟೆಗಳೂ ಒಂದೇ ಕ್ಷಣದಲ್ಲಿ ಇಳಿಯುತ್ತವೆ, ಒಂದೇ ಕ್ಷಣದಲ್ಲಿ ಏಳುತ್ತವೆ. ಕೆಲವು ಹಳೆಯ ಕಾಲದ ಮನೆಗಳಲ್ಲಿ ಕರೆದವರ ಕೈಗೆ ಮಾತ್ರ ಬೆಲೆಯಿರುವ ಮೆನು, ಅತಿಥಿಗಳ ಕೈಗೆ ಬೆಲೆಯಿಲ್ಲದ ಮೆನು ಕೊಡುವ ಪದ್ಧತಿ ಉಳಿದಿದೆ. ಹಿಂದೆ ಹೆಂಗಸರೆಲ್ಲರಿಗೂ ಬೆಲೆಯಿಲ್ಲದ್ದನ್ನೇ ಕೊಡುತ್ತಿದ್ದರಂತೆ, ಅದು ಹೋದದ್ದು ಒಳ್ಳೆಯದಾಯಿತು. ವೈನು ಬೇಡವೆಂದರೆ ಮುಖ ಸಿಂಡರಿಸುವವರನ್ನು ನಾನು ಕಂಡಿಲ್ಲ; ಹಣ್ಣಿನ ರಸ, ಸೊಪ್ಪಿನ ಕಷಾಯಗಳನ್ನು ವೈನಿನಷ್ಟೇ ಗಂಭೀರವಾಗಿ ಊಟಕ್ಕೆ ಹೊಂದಿಸಿ ಕೊಡುವ ಮನೆಗಳು ಈಗ ಹೆಚ್ಚಾಗಿವೆ. ಸೇವಾಶುಲ್ಕ ಬೆಲೆಯಲ್ಲೇ ಸೇರಿರುವುದರಿಂದ ಅಮೆರಿಕದಲ್ಲಿ ಮಾಡುವಂತೆ ಶೇಕಡಾ ಲೆಕ್ಕ ಹಾಕಿ ಟಿಪ್ಸು ಬಿಡುವ ತಲೆನೋವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆ ಮೇಜು ಆ ಹೊತ್ತಿಗೆ ನಮ್ಮದು. ನಾವು ಕೇಳುವವರೆಗೆ ಬಿಲ್ಲು ಬರುವುದಿಲ್ಲ, ಕೇಳಿದ ಮೇಲೂ ಅವಸರದಿಂದ ಬರುವುದಿಲ್ಲ. ನಮ್ಮ ಮದುವೆಮನೆಗಳಲ್ಲಿ 'ಸಾವಕಾಶವಾಗಿ ಊಟ ಮಾಡಿ' ಎಂದು ಯಜಮಾನರು ಕೈಮುಗಿದು ಹೇಳಿಹೋಗುವಾಗಲೇ ಮುಂದಿನ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ; ಇಲ್ಲಿ ಆ ಮಾತನ್ನು ಯಾರೂ ಹೇಳುವುದಿಲ್ಲ, ಆದರೆ ನಡೆಸಿಕೊಡುತ್ತಾರೆ.

ಅಂದಹಾಗೆ, ಈ ಆಡಂಬರಕ್ಕೂ ನಕ್ಷತ್ರಕ್ಕೂ ಅಧಿಕೃತವಾಗಿ ಸಂಬಂಧವಿಲ್ಲ. ಹೆಸರು ಹೇಳದೆ ಬಂದು, ತಮ್ಮ ಬಿಲ್ಲನ್ನು ತಾವೇ ಕಟ್ಟಿ ಹೋಗುವ ಮಿಶೆಲಿನ್ ಪರೀಕ್ಷಕರು ಪದಾರ್ಥಗಳ ಗುಣಮಟ್ಟ, ಅಡುಗೆಯ ಕೌಶಲ, ರುಚಿಗಳ ಸಾಮರಸ್ಯ, ಅಡುಗೆಯಲ್ಲಿ ಕಾಣುವ ಬಾಣಸಿಗನ ವ್ಯಕ್ತಿತ್ವ, ಮತ್ತೆ ಮತ್ತೆ ಬಂದಾಗಲೂ ಅದೇ ಮಟ್ಟ ಉಳಿದಿದೆಯೇ ಎಂಬುದು, ಇಷ್ಟನ್ನೇ ನೋಡುತ್ತಾರೆಂದು ಕಂಪನಿ ಹೇಳುತ್ತದೆ. ಕೋಣೆಯ ಸೌಕರ್ಯಕ್ಕೆ ಚಮಚ ಮತ್ತು ಫೋರ್ಕಿನ ಬೇರೆ ಚಿಹ್ನೆಯಿತ್ತು. ಆದರೆ ಮೂರು ನಕ್ಷತ್ರದ ಆಸೆಯಿಟ್ಟುಕೊಂಡವನು ಪಿಂಗಾಣಿಗೂ ಹೂವಿಗೂ ಗಾಜಿಗೂ ಸಾಲ ಮಾಡದೆ ಇರುವುದು ಅಪರೂಪ. ಸೋಲಿಯುವಿನಲ್ಲಿ ದ್ಯುಮೆನ್ ನಡೆಸಿದ್ದ ಮನೆಯನ್ನೇ ಆಮೇಲೆ ಕೊಂಡ ಬರ್ನಾರ್ ಲ್ವಾಸೊ 1991ರಲ್ಲಿ ಮೂರನೆಯ ನಕ್ಷತ್ರ ಗಳಿಸಿದ. ಹೊಸ ಹೆದ್ದಾರಿ ಊರನ್ನು ಪಕ್ಕಕ್ಕೆ ಬಿಟ್ಟು ಹೋಗಿದ್ದರಿಂದ ನಕ್ಷತ್ರವೊಂದೇ ಜನರನ್ನು ಅಲ್ಲಿಗೆ ಎಳೆಯಬೇಕಿತ್ತು. ಸಾಲದ ಹೊರೆ, ಖಿನ್ನತೆ, ಇನ್ನೊಂದು ಕೈಪಿಡಿ ಅಂಕ ಇಳಿಸಿದ್ದು, ನಕ್ಷತ್ರವೂ ಹೋಗಬಹುದೆಂಬ ಪತ್ರಿಕೆಗಳ ಗುಸುಗುಸು, ಇವೆಲ್ಲದರ ನಡುವೆ 2003ರ ಫೆಬ್ರವರಿಯಲ್ಲಿ ಅವನು ಪ್ರಾಣ ಕಳೆದುಕೊಂಡ. ಆ ವರ್ಷ ಅವನ ಮೂರು ನಕ್ಷತ್ರಗಳು ಹಾಗೆಯೇ ಇದ್ದವು.

ಸಸ್ಯಾಹಾರಿಯೊಬ್ಬ ಈ ಲೋಕಕ್ಕೆ ಕಾಲಿಟ್ಟರೆ ಏನಾಗುತ್ತದೆ ಎಂಬುದು ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ. ಶಾಸ್ತ್ರೀಯ ಫ್ರೆಂಚ್ ಅಡುಗೆಯ ಅಡಿಪಾಯ ತಟ್ಟೆಯಲ್ಲಿ ಕಾಣುವ ಮಾಂಸವಲ್ಲ, ಕಾಣದ ಸಾರ. ಕರುವಿನ ಮೂಳೆಯನ್ನೋ ಕೋಳಿಯ ಮೂಳೆಯನ್ನೋ ಗಂಟೆಗಟ್ಟಲೆ ಕುದಿಸಿ ಇಳಿಸಿದ ರಸವೇ ಸಾಸುಗಳಿಗೆ, ಸೂಪುಗಳಿಗೆ, ಎಷ್ಟೋ ಬಾರಿ ತರಕಾರಿ ಬೇಯಿಸುವುದಕ್ಕೂ ಬುನಾದಿ. ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರಬಹುದು; ಸಾಂಪ್ರದಾಯಿಕ ಚೀಸುಗಳಲ್ಲಿ ಬಹುಪಾಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ ಹೆಪ್ಪುಗಟ್ಟಿದವು. ಪ್ಯಾರಿಸ್ಸಿನ ಬಹಳ ಹೆಸರುವಾಸಿಯಾದ ಒಂದು ಹೋಟೆಲಿನ ಭೋಜನಶಾಲೆಯಲ್ಲಿ, ಕಾಯ್ದಿರಿಸುವಾಗಲೇ ಸಸ್ಯಾಹಾರಿಯೆಂದು ಬರೆದು ತಿಳಿಸಿದ್ದರೂ, ನನಗೆ ಬಂದದ್ದು ಉಳಿದವರ ತಟ್ಟೆಯಿಂದ ಮಾಂಸವನ್ನು ತೆಗೆದು, ಪಕ್ಕದಲ್ಲಿರಬೇಕಾಗಿದ್ದ ಪದಾರ್ಥಗಳನ್ನು ನಡುವಿಗೆ ಎಳೆದು ಹರವಿದ ಊಟ. ಸಾಸಿನಲ್ಲಿ ಏನಿದೆಯೆಂದು ಕೇಳಿದಾಗ ಬಡಿಸುವ ಯುವಕ ಒಳಗೆ ಹೋಗಿ ಬಂದು, ಕರುವಿನ ಮೂಳೆಯ ಸಾರವಿದೆಯೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು ತಟ್ಟೆ ಬದಲಿಸಿದ. ಬದಲಿಗೆ ಬಂದದ್ದು ಅಣಬೆಯ ರಿಸೊಟ್ಟೊ. ಯುರೋಪಿನ ಯಾವ ವಿಮಾನ ನಿಲ್ದಾಣದಲ್ಲೂ ಸಸ್ಯಾಹಾರಿಗೆ ಸಿಗುವ ಪದಾರ್ಥವನ್ನು ಆ ಬೆಲೆಗೆ ತಿನ್ನುವಾಗ ಬಂದ ಸಿಟ್ಟು ಅಡುಗೆಯವನ ಮೇಲಲ್ಲ. ಸಸ್ಯಾಹಾರವೆಂದರೆ ಮಾಂಸವನ್ನು ಕಳೆದು ಉಳಿದದ್ದು ಎಂಬ ಆಲೋಚನೆಯ ಮೇಲೆ.

ಈ ಆಲೋಚನೆಯನ್ನು ಒಳಗಿನಿಂದ ಮುರಿದವನು ಅಲೆನ್ ಪಸ್ಸಾರ್ ಎಂಬ ಬಾಣಸಿಗ. ಪ್ಯಾರಿಸ್ಸಿನ ವರೆನ್ ಬೀದಿಯಲ್ಲಿ, ಶಿಲ್ಪಿ ರೊದಾನ ವಸ್ತುಸಂಗ್ರಹಾಲಯದ ಎದುರಿಗೆ, ಹೊರಗಿನಿಂದ ನೋಡಿದರೆ ವಕೀಲರ ಕಚೇರಿಯೆಂದು ದಾಟಿಹೋಗುವಷ್ಟು ಸಪ್ಪೆಯಾದ ಮೂಲೆಯ ಕಟ್ಟಡದಲ್ಲಿ ಅವನ ಆರ್ಪೆಜ್ ಇದೆ. ಅದೇ ಜಾಗದಲ್ಲಿ ತನ್ನ ಗುರು ಅಲೆನ್ ಸಾಂದ್ರಾನ್ಸ್ ನಡೆಸುತ್ತಿದ್ದ ರೆಸ್ಟೋರೆಂಟನ್ನು ಅವನು 1986ರಲ್ಲಿ ಕೊಂಡ, 1996ರಲ್ಲಿ ಮೂರನೆಯ ನಕ್ಷತ್ರ ಪಡೆದ. ಬೆಂಕಿಯ ಮೇಲೆ ಮಾಂಸ ಹದಗೊಳಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲವೆಂಬ ಕೀರ್ತಿ ಬೆಳೆದಿದ್ದ ಕಾಲದಲ್ಲಿ, 2001ರಲ್ಲಿ, ಕೆಂಪು ಮಾಂಸವನ್ನು ತನ್ನ ಮೆನುವಿನಿಂದ ತೆಗೆದುಹಾಕಿ ತರಕಾರಿಯನ್ನು ನಡುವಿಗೆ ತಂದ. ನಕ್ಷತ್ರಗಳು ಹೋದವೆಂದೇ ಎಲ್ಲರೂ ಅಂದುಕೊಂಡರು, ಆದರೆ ಮೂರೂ ಉಳಿದವು. ಮರುವರ್ಷವೇ ಸಾರ್ತ್ ಪ್ರಾಂತ್ಯದಲ್ಲಿ ಸ್ವಂತ ತೋಟ ಮಾಡಿದ, ಆಮೇಲೆ ಯೂರ್ ಪ್ರಾಂತ್ಯದಲ್ಲೂ ಮಾಂ-ಸೇಂ-ಮಿಶೆಲ್ ಕೊಲ್ಲಿಯ ಹತ್ತಿರವೂ ತೋಟಗಳಾದವು. ರಾಸಾಯನಿಕ ಹಾಕದೆ, ಕುದುರೆ ಕಟ್ಟಿ ಉತ್ತು ಬೆಳೆಸಿದ ತರಕಾರಿಗಳು ಬೆಳಗ್ಗೆ ಕಿತ್ತು ಅದೇ ದಿನದ ಊಟದ ಹೊತ್ತಿಗೆ ಪ್ಯಾರಿಸ್ಸಿಗೆ ಬರುವ ವ್ಯವಸ್ಥೆ. ಸಾರ್ತಿನಿಂದ ಅವು ವೇಗದ ರೈಲು ಹತ್ತಿ ಬರುತ್ತಿದ್ದವು. ಹಾಗಾಗಿ ಪ್ಯಾರಿಸ್ಸಿನ ಬಗ್ಗೆ ಮೇಲೆ ಆಡಿದ ಮಾತಿಗೆ ಇದೊಂದು ಅಪವಾದವೆಂದು ಕಂಡರೂ ನಿಜವಾಗಿ ಅಪವಾದವಲ್ಲ: ಆರ್ಪೆಜಿನ ಮೇಜು ಪ್ಯಾರಿಸ್ಸಿನಲ್ಲಿದೆ, ನೆಲ ಬೇರೆಡೆ ಇದೆ.

ನಾನು ಹೋದದ್ದು ಮಧ್ಯಾಹ್ನದ ಊಟಕ್ಕೆ. ಕೋಣೆ ಚಿಕ್ಕದು, ಗೋಡೆಗೆ ಪಿಯರ್ ಹಣ್ಣಿನ ಮರದ ಹಲಗೆಗಳು, ಅವುಗಳ ನಡುವೆ ಲಾಲಿಕ್ ಕಂಪನಿಯ ಗಾಜಿನ ಫಲಕಗಳು, ಅಡುಗೆ ಕಲಿಸಿದ ಅಜ್ಜಿ ಲೂಯಿಸ್ ಪಸ್ಸಾರಳ ಒಂದು ಭಾವಚಿತ್ರ. ಮೊದಲಿಗೆ ಬೆರಳ ತುದಿಯಷ್ಟು ಗಾತ್ರದ ತರಕಾರಿ ಪೇಸ್ಟ್ರಿಗಳು ಬಂದವು. ಆಮೇಲೆ ತಿಳಿಸಾರಿನಲ್ಲಿ ತೇಲುವ ಪುಟ್ಟ ಕಡುಬುಗಳು. ಸಾರು ತಿಳಿಯಾಗಿ ಕಂಡರೂ ನಾಲಗೆಯ ಮೇಲೆ ಈರುಳ್ಳಿ, ಟರ್ನಿಪ್, ಸೊಪ್ಪುಗಳ ರುಚಿ ಪದರಪದರವಾಗಿ ಬಿಚ್ಚಿಕೊಂಡಿತು. ಮಾಂಸದ ಮೂಳೆಯಿಲ್ಲದೆಯೂ ಸಾರಕ್ಕೆ ಇಷ್ಟು ಆಳ ಬರುವುದಾದರೆ ಉಳಿದವರು ಏಕೆ ಪ್ರಯತ್ನಿಸುವುದಿಲ್ಲ ಎಂದು ಅಲ್ಲೇ ಕೇಳಬೇಕೆನಿಸಿತು. ಆಮೇಲೆ ಆ ಮನೆಯ ಹೆಸರಾಂತ ಬೀಟ್‌ರೂಟ್. ಗೆರಾಂದ್ ಕರಾವಳಿಯ ಬೂದುಬಣ್ಣದ ಒದ್ದೆ ಉಪ್ಪನ್ನು ಗುಡ್ಡೆ ಹಾಕಿ, ಸಿಪ್ಪೆಯೊಂದಿಗೆ ಇಡೀ ಬೀಟ್‌ರೂಟನ್ನು ಅದರೊಳಗೆ ಹೂತು, ಒಲೆಯಲ್ಲಿ ಬೇಯಿಸಿ, ಉಪ್ಪಿನ ಗೂಡಿನೊಳಗೇ ನಿಧಾನವಾಗಿ ಆರಲು ಬಿಟ್ಟಿರುತ್ತಾರೆ. ಆ ಬಿಳಿಬೂದು ಗುಡ್ಡೆಯನ್ನು ಮೇಜಿಗೆ ತಂದು ತೋರಿಸಿ, ಒಡೆದು, ಹಿಂದೆ ದೊಡ್ಡ ಮಾಂಸದ ತುಂಡನ್ನು ಕೊಯ್ಯುತ್ತಿದ್ದ ಅದೇ ಗಾಂಭೀರ್ಯದಿಂದ ಬೀಟ್‌ರೂಟನ್ನು ಹೋಳು ಮಾಡಿದರು. ಮೇಲೆ ಹಳೆಯ ಬಾಲ್ಸಾಮಿಕ್ ವಿನೆಗರಿನ ಕೆಲವು ಹನಿ. ಅದರ ಸಿಹಿಯಲ್ಲಿ ಮಣ್ಣಿನ ವಾಸನೆ ಹೋಗಿರಲಿಲ್ಲ, ಹೋಗಬಾರದು ಕೂಡ. ಬೀಟ್‌ರೂಟನ್ನು ತುರಿದು, ಒಗ್ಗರಣೆ ಹಾಕಿ, ಕಾಯಿ ಉದುರಿಸುವುದನ್ನಷ್ಟೇ ಬಲ್ಲ ನಾನು, ಗೆಡ್ಡೆಯೊಂದಕ್ಕೆ ಹೆಚ್ಚೇನನ್ನೂ ಸೇರಿಸದೆ ಅದರ ರುಚಿಯನ್ನು ಇಷ್ಟು ಎತ್ತರಿಸಬಹುದೆಂದು ಅಲ್ಲಿಯವರೆಗೆ ನಂಬಿರಲಿಲ್ಲ.

ಊಟದ ನಡುವೆ ಪಸ್ಸಾರ್ ಬಿಳಿ ಅಂಗಿಯಲ್ಲಿ ಮೇಜಿನಿಂದ ಮೇಜಿಗೆ ಬಂದು ಮಾತನಾಡಿಸುವುದು ಅಲ್ಲಿಯ ರೂಢಿ. ಕೊನೆಗೆ ಬಂದ ಆಪಲ್ ಟಾರ್ಟಿನಲ್ಲಿ ಹಣ್ಣನ್ನು ತೆಳ್ಳನೆಯ ಪಟ್ಟಿಗಳಾಗಿ ಹೆರೆದು ಗುಲಾಬಿ ಹೂಗಳಂತೆ ಸುತ್ತಿಟ್ಟಿದ್ದರು. ಅದು ನೋಟಕ್ಕೆ ಚೆಂದ, ರುಚಿಯಲ್ಲಿ ಸಾಧಾರಣ. ಆಗಿನ್ನೂ ಅಲ್ಲಿ ಬೆಣ್ಣೆ, ಮೊಟ್ಟೆ, ಮೀನು, ಕೋಳಿ ಎಲ್ಲವೂ ಇದ್ದವು. 2025ರ ಜುಲೈಯಲ್ಲಿ ಪಸ್ಸಾರ್ ಅವೆಲ್ಲವನ್ನೂ ಕೈಬಿಟ್ಟು, ತನ್ನ ತೋಟದ ಜೇನುತುಪ್ಪವೊಂದನ್ನು ಉಳಿಸಿಕೊಂಡು, ಪೂರ್ತಿ ಸಸ್ಯಮೂಲದ ಅಡುಗೆಗೆ ತಿರುಗಿದ. ಬೆಣ್ಣೆಯಿಲ್ಲದ ಫ್ರೆಂಚ್ ಅಡುಗೆಯನ್ನು ಉಣ್ಣಲು ನಾನು ಅಷ್ಟೊಂದು ಉತ್ಸುಕನಾಗಿಲ್ಲ ಎಂಬುದನ್ನೂ ಹೇಳಬೇಕು. ಹಾಲು, ಮೊಸರು, ತುಪ್ಪದಲ್ಲಿ ಬೆಳೆದ ಸಸ್ಯಾಹಾರಿಗೆ ಅದು ಅರ್ಧ ಸಂತೋಷದ ಸುದ್ದಿ. ಇದಕ್ಕೂ ಮುಂಚೆ 2021ರಲ್ಲಿ ಬೋರ್ಡೊ ಸಮೀಪದ ಆರೆಸ್ ಊರಿನಲ್ಲಿ ಕ್ಲೇರ್ ವಲ್ಲೇ ನಡೆಸುತ್ತಿದ್ದ ಓನಾ ಎಂಬ ವೀಗನ್ ರೆಸ್ಟೋರೆಂಟು ಒಂದು ನಕ್ಷತ್ರ ಪಡೆದಿತ್ತು, ಫ್ರಾನ್ಸಿನಲ್ಲಿ ಆ ಬಗೆಯದರಲ್ಲಿ ಮೊದಲನೆಯದು; ಮರುವರ್ಷವೇ ಅದು ಮುಚ್ಚಿತು.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಪ್ಯಾರಿಸ್ಸಿನ ಮೂರು ನಕ್ಷತ್ರದ ಮನೆಯೊಂದರಲ್ಲಿ ರಾತ್ರಿಯ ಊಟಕ್ಕೆ ವೈನು ಬಿಟ್ಟು ತಲೆಗೆ 400 ಯೂರೊ ಎಂದರೆ ಈಗ ಆಶ್ಚರ್ಯಪಡುವವರಿಲ್ಲ; ನಮ್ಮ ಲೆಕ್ಕದಲ್ಲಿ ಸುಮಾರು 40 ಸಾವಿರ ರೂಪಾಯಿ. ಇದನ್ನು ಕೇಳಿ ಬೈಯುವ ಸ್ನೇಹಿತರಿದ್ದಾರೆ, ಅವರ ಬೈಗುಳದಲ್ಲಿ ತಪ್ಪಿಲ್ಲ. ಉಣ್ಣುವವರ ಸಂಖ್ಯೆಗೆ ಸರಿಸಮನಾಗಿ ದುಡಿಯುವವರಿರುವ ಅಡುಗೆಮನೆಗಳಿವು ಎಂದರೂ ಬೆಲೆ ಕಡಿಮೆಯೆನಿಸುವುದಿಲ್ಲ. ಆದರೆ ಅದೇ ಅಡುಗೆಯವರು, ಅದೇ ಸಾಮಗ್ರಿ, ಮಧ್ಯಾಹ್ನದ ಊಟಕ್ಕೆ ಎಷ್ಟೋ ಕಡೆ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಒಂದು ನಕ್ಷತ್ರದ ಹಳ್ಳಿಯ ಮನೆಗಳಲ್ಲಿ ವಾರದ ದಿನ ಅದು ಬೆಂಗಳೂರಿನ ದೊಡ್ಡ ಹೋಟೆಲಿನ ಬಫೆಗಿಂತ ಅಷ್ಟೇನೂ ದುಬಾರಿಯಲ್ಲ. ಭಾರತಕ್ಕೆ ಈ ಕೈಪಿಡಿ ಇನ್ನೂ ಬಂದಿಲ್ಲ, ಬಾರದಿದ್ದರೆ ನಷ್ಟವೇನೂ ಇಲ್ಲವೆಂಬುದು ನನ್ನ ಅಭಿಪ್ರಾಯ.

ಅಕ್ಷರಶಃ ಪ್ರಯಾಣಕ್ಕೆ ತಕ್ಕ ಊಟವೆಂದು ನನಗನ್ನಿಸಿದ್ದು ದಕ್ಷಿಣ ಫ್ರಾನ್ಸಿನ ಓಬ್ರಾಕ್ ಪ್ರಸ್ಥಭೂಮಿಯಲ್ಲಿ, ಲಾಯೋಲ್ ಎಂಬ ಊರಿನ ಹೊರಗೆ. ಮಡಚುವ ಚಾಕುಗಳಿಗೂ ಚೀಸಿಗೂ ಹೆಸರಾದ ಊರು ಅದು. ರೈಲಿಲ್ಲ, ರೊದೇಜ್ ಪಟ್ಟಣದವರೆಗೆ ಹೋಗಿ ಅಲ್ಲಿಂದ ಕಾರಿನಲ್ಲಿ ಏರಬೇಕು. ಮರಗಳು ಕ್ರಮೇಣ ಕಡಿಮೆಯಾಗಿ, ಕಲ್ಲುಬಂಡೆಗಳು ಹರಡಿದ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಕಣ್ಣಿನ ಸುತ್ತ ಕಪ್ಪು ಅಂಚಿರುವ ಗೋಧಿಬಣ್ಣದ ಓಬ್ರಾಕ್ ಹಸುಗಳು ಬೇಸಗೆಯಲ್ಲಿ ಅಲ್ಲಿ ಮೇಯುತ್ತವೆ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ದಿಣ್ಣೆಯ ಮೇಲೆ 1992ರಲ್ಲಿ ಮಿಶೆಲ್ ಬ್ರಾಸ್ ಎಂಬ ಬಾಣಸಿಗ ತನ್ನ ರೆಸ್ಟೋರೆಂಟಿಗೆಂದು ಗಾಜು ಮತ್ತು ಕಲ್ಲಿನ ಒಂದು ಕಟ್ಟಡ ಕಟ್ಟಿಸಿದ. ದೊಡ್ಡ ಅಡುಗೆಮನೆಗಳಲ್ಲಿ ಪಳಗಿದವನಲ್ಲ ಅವನು. ಊರೊಳಗೆ ತಾಯಿ ನಡೆಸುತ್ತಿದ್ದ ಊಟದ ಮನೆಯಲ್ಲಿ ಕಲಿತವನು. 1999ರಲ್ಲಿ ಮೂರು ನಕ್ಷತ್ರಗಳು ಬಂದವು.

ಅವನನ್ನು ಪ್ರಸಿದ್ಧಗೊಳಿಸಿದ ತಟ್ಟೆಯ ಹೆಸರು ಗಾರ್ಗುಯು. ಆ ಹೆಸರಿನ ಹಳೆಯ ಹಳ್ಳಿಯಡುಗೆ ಆಲೂಗಡ್ಡೆ ಮತ್ತು ಹ್ಯಾಮ್ ಎಂಬ ಉಪ್ಪುಹಾಕಿದ ಹಂದಿಮಾಂಸ ಹಾಕಿ ಬೇಯಿಸಿದ ಸಾದಾ ಪದಾರ್ಥ. ಬ್ರಾಸ್ ಜೂನ್ ತಿಂಗಳಿನಲ್ಲಿ ಹೂಬಿಟ್ಟ ಹುಲ್ಲುಗಾವಲಿನಲ್ಲಿ ಓಡುತ್ತಿದ್ದಾಗ ಅದು ಹೊಸ ರೂಪದಲ್ಲಿ ಹೊಳೆಯಿತೆಂದು ಹೇಳಿಕೊಂಡಿದ್ದಾನೆ. ಹತ್ತಾರು ಬಗೆಯ ಎಳೆ ತರಕಾರಿ, ಸೊಪ್ಪು, ಕಾಡುಗಿಡದ ಚಿಗುರು, ಹೂವು, ಬೀಜಗಳು. ಪ್ರತಿಯೊಂದನ್ನೂ ಅದರದರ ಹದಕ್ಕೆ ಬೇರೆಬೇರೆಯಾಗಿ ಬೇಯಿಸಿ ಅಥವಾ ಹಸಿಯಾಗಿಯೇ ಉಳಿಸಿ, ಬಡಿಸುವ ಮುಂಚೆ ಒಟ್ಟುಗೂಡಿಸುತ್ತಾರೆ. ಏನು ಬೆಳೆದಿದೆಯೋ ಅದು ತಟ್ಟೆಗೆ ಬರುತ್ತದೆ, ಆದ್ದರಿಂದ ಇವತ್ತಿನದು ನಾಳೆ ಇರುವುದಿಲ್ಲ. ಪ್ರಪಂಚದ ಎಲ್ಲೆಡೆ ಈಗ ತಟ್ಟೆಯ ಮೇಲೆ ಹೂವು ಉದುರಿಸುವ ಅಡುಗೆಯವರಿದ್ದಾರೆ. ಬಹುಪಾಲು ಕಡೆ ಅದು ಅಲಂಕಾರ. ಇಲ್ಲಿ ಮಾತ್ರ ಒಂದು ಎಸಳನ್ನು ತೆಗೆದರೂ ರುಚಿ ಬದಲಾಗುತ್ತದೆ. ಒಂದು ಚಮಚದಲ್ಲಿ ಕಹಿ ಮೇಲಾಯಿತು, ಮುಂದಿನದರಲ್ಲಿ ಸೋಂಪಿನಂಥ ಪರಿಮಳದ ಬೆಟ್ಟದ ಸೊಪ್ಪು ಸಿಸ್ತ್ರ್, ಅದರ ಮುಂದಿನದರಲ್ಲಿ ಬರಿಯ ಬಟಾಣಿಯ ಸಿಹಿ. ಮೊದಲ ತಟ್ಟೆಯಲ್ಲಿ ಕೊಟ್ಟ ಚಾಕುವನ್ನೇ ಊಟದ ಉದ್ದಕ್ಕೂ ಇಟ್ಟುಕೊಳ್ಳಬೇಕು. ತನ್ನ ಚಾಕು ತನ್ನ ಜೇಬಿನಲ್ಲಿಟ್ಟುಕೊಂಡು ಓಡಾಡುವ ಆ ಸೀಮೆಯ ರೈತರ ರೂಢಿ ಅದು, ಮತ್ತು ಬೇರೆಡೆ ತಟ್ಟೆಗೊಂದು ಚಾಕು ಬದಲಿಸುವ ಆಡಂಬರಕ್ಕೆ ಇದು ಎಷ್ಟೋ ಪಾಲು ವಾಸಿ. ಕಿಟಕಿಯಾಚೆ ಕಾಣುವ ನೆಲವೂ ತಟ್ಟೆಯಲ್ಲಿರುವುದೂ ಒಂದೇ ಆಗಿರುವ ಊಟವನ್ನು ನಾನು ಬೇರೆ ಕಡೆ ಉಂಡಿಲ್ಲ.

ಮಿಶೆಲನ ಮಗ ಸೆಬಾಸ್ಟಿಯನ್ ಬ್ರಾಸ್ ಈಗ ಅಡುಗೆಮನೆಯ ಯಜಮಾನ. ವರ್ಷದಲ್ಲಿ ಎರಡು ಮೂರು ಬಾರಿ ಯಾವಾಗಲೋ ಗೊತ್ತಾಗದಂತೆ ಬಂದು ಪರೀಕ್ಷಿಸಿ ಹೋಗುವವರ ಒತ್ತಡ ಇನ್ನು ಸಾಕು, ನಮ್ಮನ್ನು ಕೈಪಿಡಿಯಿಂದ ಬಿಟ್ಟುಬಿಡಿ ಎಂದು 2017ರಲ್ಲಿ ಅವನು ಬಹಿರಂಗವಾಗಿ ಕೇಳಿಕೊಂಡ. ಆರ್ಪೆಜಿನ ಜಾಗದಲ್ಲಿ ಹಿಂದೆ ಇದ್ದ ಸಾಂದ್ರಾನ್ಸ್ ಕೂಡ 2005ರಲ್ಲಿ ತನ್ನ ಮೂರು ನಕ್ಷತ್ರಗಳನ್ನು ಬೇಡವೆಂದು, ಬೆಲೆ ಇಳಿಸಿ, ಸರಳವಾದ ಊಟ ಹಾಕಲು ತೊಡಗಿದ್ದ. ಬ್ರಾಸ್ ಕೋರಿಕೆಯನ್ನು ಮಿಶೆಲಿನ್ ಮನ್ನಿಸಿ 2018ರ ಆವೃತ್ತಿಯಿಂದ ಹೆಸರನ್ನು ತೆಗೆದುಹಾಕಿತು. ಆದರೆ 2019ರ ಆವೃತ್ತಿಯಲ್ಲಿ, ಅವನು ಕೇಳದೆಯೇ, ಎರಡು ನಕ್ಷತ್ರಗಳೊಂದಿಗೆ ಹೆಸರು ಮತ್ತೆ ಅಚ್ಚಾಯಿತು. ಕೈಪಿಡಿ ಓದುಗರಿಗಾಗಿ ಇರುವುದೇ ಹೊರತು ಅಡುಗೆಯವರಿಗಾಗಿ ಅಲ್ಲವೆಂಬ ಕಂಪನಿಯ ವಾದದಲ್ಲಿ ಹುರುಳಿದೆ. ಎರಡು ನಕ್ಷತ್ರದ ಆಯ್ಕೆ ಮಾತ್ರ ನನಗೆ ನಗು ತರಿಸುತ್ತದೆ. ಯಾವ ದೊಡ್ಡ ದಾರಿಯೂ ಹಾದುಹೋಗದ ಲಾಯೋಲಿಗೆ ಸುತ್ತಿಕೊಂಡು ಹೋಗುವುದು ಸಾಧ್ಯವೇ ಇಲ್ಲ, ಹೊರಟರೆ ಅದಕ್ಕೆಂದೇ ಹೊರಡಬೇಕು.

ಹೊರಡುವವರಿಗೆ ಕೆಲವು ಮಾತು. ಚಳಿಗಾಲದಲ್ಲಿ ಆ ಮನೆ ಮುಚ್ಚಿರುತ್ತದೆ, ಓಬ್ರಾಕ್ ಹಿಮದಲ್ಲಿ ಮುಳುಗಿರುತ್ತದೆ. ಮೇ ಕೊನೆಯಿಂದ ಜೂನ್ ಕೊನೆಯವರೆಗಿನ ಹೂವಿನ ಕಾಲ ಎಲ್ಲಕ್ಕಿಂತ ಒಳ್ಳೆಯದು. ಕಾಯ್ದಿರಿಸುವ ಪತ್ರದಲ್ಲಿ ಸಸ್ಯಾಹಾರಿ ಎಂದಷ್ಟೇ ಬರೆದರೆ ಸಾಲದು, ಮಾಂಸ, ಮೀನು, ಮೂಳೆಯ ಸಾರ, ಜೆಲಟಿನ್ ಬೇಡ, ಹಾಲು, ಬೆಣ್ಣೆ ಆಗಬಹುದು ಎಂದು ಬಿಡಿಸಿ ಫ್ರೆಂಚಿನಲ್ಲೇ ಬರೆಯಿಸಿ. ಮೊಟ್ಟೆಯ ವಿಷಯವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ. ಗಾರ್ಗುಯುವಿನ ಮೂಲ ಪಾಕದಲ್ಲಿ ಹ್ಯಾಮಿನ ತುಂಡು ಇರುವುದರಿಂದ ಅದನ್ನು ಬಿಟ್ಟು ಮಾಡಿಕೊಡಬೇಕೆಂದು ಮುಂಚೆಯೇ ಹೇಳಿಡಬೇಕು. ಊಟ ಮುಗಿಯುವಾಗ ತಡರಾತ್ರಿಯಾಗುತ್ತದೆ, ದಾರಿಯಲ್ಲಿ ದೀಪಗಳಿಲ್ಲ, ಹಾಗಾಗಿ ಅಂದು ಲಾಯೋಲಿನಲ್ಲೇ ತಂಗುವುದು ಕ್ಷೇಮ. ಮರುದಿನ ಮಧ್ಯಾಹ್ನ ಊರೊಳಗಿನ ಯಾವುದಾದರೂ ಸಾದಾ ಊಟದ ಮನೆಯಲ್ಲಿ ಅಲಿಗೊ ಕೇಳಿ: ಬೇಯಿಸಿ ನುರಿದ ಆಲೂಗಡ್ಡೆಗೆ ಎಳೆಯ ಚೀಸು, ಬೆಣ್ಣೆ, ಕೆನೆ, ಬೆಳ್ಳುಳ್ಳಿ ಹಾಕಿ, ಮರದ ಸೌಟಿನಿಂದ ಎತ್ತಿದರೆ ಮೊಳದುದ್ದ ಎಳೆಯಾಗುವವರೆಗೆ ಬಡಿದದ್ದು. ಅದರ ಜೊತೆಗೆ ಸಾಸೇಜ್ ಇಡುವುದು ಅಲ್ಲಿಯ ವಾಡಿಕೆ, ಬೇಡವೆಂದರೆ ಒಂದು ಸೌಟು ಅಲಿಗೊವನ್ನೇ ಹೆಚ್ಚಿಗೆ ಹಾಕುತ್ತಾರೆ.